ಕುರೊಇವಾ ಕಲಿಸಿದ ಜಪಾನಿ

"ಏ ಹಂದಿ, ಬಗ್ಗಿ ಕೊಯ್ಯೇ! ಕೋಸು ತಾನಾಗೇ ಎದ್ದು ಬಂದು ನಿನ್ನ ತೊಡೆ ಮ್ಯಾಲೆ ಕುಂತ್ಕತದಾ?"

ಜಪಾನಿನ ಗುನ್ಮಾ ಸೀಮೆಯ ಬೆಟ್ಟದ ಆ ಹೊಲದಲ್ಲಿ ಕುರೊಇವಾನ ಬಾಯಿಂದ ಈ ಮಾತು ಬಂತೆಂದರೆ ಬೆಳಗಾಯಿತೆಂದು ಲೆಕ್ಕ. ವಿಯೆಟ್ನಾಮಿನಿಂದ ಕೃಷಿ 'ತರಬೇತಿ'ಗೆಂದು ಬಂದ ಲುಯೆನ್‌ಗೆ ಇವನೇ ಯಜಮಾನ, ಇವನೇ ಜಪಾನಿ ಮೇಷ್ಟ್ರು. ತರಬೇತಿಯೆಂದರೆ ಕೋಸು ಕೊಯ್ಯುವುದು, ಪೆಟ್ಟಿಗೆಗೆ ತುಂಬುವುದು, ಬೈಸಿಕೊಳ್ಳುವುದು. ಬೇರೆ ಯಾರ ಜಪಾನಿಯೂ ಕಿವಿಗೆ ಬೀಳದ ಅವಳು ಮೊದಮೊದಲು ಅಂಚೆಯವನಿಗೂ ಬಗ್ಗಿ ವಂದಿಸಿ, "ಬಾರೋ ಸೋಮಾರಿ" ಎಂದಿದ್ದಳು. ಅದು ಬೈಗುಳವೆಂದು, ಅವಳಿಗಿಂತ ಮೊದಲೇ ಬಂದು ಜೊತೆಗೆ ದುಡಿಯುತ್ತಿದ್ದ ಥೋವಾ ತಿಳಿಸಿದ ಮೇಲೆ ಒಂದು ವಾರ ನಾಚಿಕೆಯಿಂದ ಬಾಯಿ ಬಿಡಲಿಲ್ಲ. ಆಮೇಲೆ, ನಾಚಿಕೆ ಯಾರಿಗಾಗಬೇಕು ಎಂದು ಯೋಚಿಸಿದಳು.

ಊರಲ್ಲಿ ಅವ್ವ ಹಾಸಿಗೆ ಹಿಡಿದಿದ್ದಳು. ಹೋಗಿ ನೋಡಲು ಪಾಸ್‌ಪೋರ್ಟ್ ಬೇಕು. ಅದು ಕುರೊಇವಾನ ಒಳಕೋಣೆಯ ಬೀರುವಿನಲ್ಲಿ. ಕೇಳಿದಾಗಲೆಲ್ಲ ಒಂದೇ ಉತ್ತರ ಸಿಗುತ್ತಿತ್ತು.

ಒಂದು ದಿನ ತರಬೇತಿಯ ತಪಾಸಣೆಗೆಂದು ಸೂಟು ತೊಟ್ಟ ಅಧಿಕಾರಿಯೊಬ್ಬ ಬಂದ. ಕುರೊಇವಾ ಅವನನ್ನು ಜಗಲಿಯಲ್ಲಿ ಕೂರಿಸಿ, ಹೆಂಡತಿಯಿಂದ ಚಹಾ ಕೊಡಿಸಿ, ಹೊಲದಿಂದ ಲುಯೆನ್‌ಳನ್ನು ಕರೆಸಿದ. "ಮಗಳ ಹಂಗೆ ಸಾಕಿದೀವಿ ಸ್ವಾಮಿ. ಜಪಾನಿ ನಾನೇ ಕಲ್ಸಿದ್ದು. ಎಲ್ಲಿ, ಮಾತಾಡವ್ವ" ಎಂದ, ಬೆಣ್ಣೆಯಲ್ಲಿ ಕೂದಲು ತೆಗೆದಂತೆ.

ಅಂಗಳದಲ್ಲಿ ನಿಂತ ಲುಯೆನ್ ಸೊಂಟ ಬಗ್ಗಿಸಿ ವಂದಿಸಿದಳು.

"ಕುಡಿಯೋ ಹೊಟ್ಟೆಬಾಕ. ಬಿರ್ರನೆ ಕುಡ್ದು ಹೊಲಕ್ಕೆ ಸಾಯಿ."

ಅಧಿಕಾರಿಯ ಲೋಟ ತುಟಿಯ ಬಳಿಯೇ ನಿಂತಿತು. ಕುರೊಇವಾನ ಹೆಂಡತಿ ಸೆರಗಿಲ್ಲದ ಕೈಯಿಂದಲೇ ಬಾಯಿ ಮುಚ್ಚಿಕೊಂಡಳು.

"ಇನ್ನೂ ಬತ್ತದೆ ಸ್ವಾಮಿ," ಲುಯೆನ್ ಬಲು ನಮ್ರವಾಗಿ ಮುಂದುವರಿಸಿದಳು. "'ನಿನ್ ಪಾಸ್‌ಪೋರ್ಟು ನನ್ ಬೀರೂನಾಗೈತೆ, ಎಲ್ಲಿಗ್ ಓಡ್ತೀಯೇ ಹಂದಿ? ನಿಮ್ಮವ್ವ ಸಾಯ್ತಾಳೆ ಅಂತ ನನ್ ಕೋಸು ಕೊಳೀಬೇಕಾ?' ಇದು ದಿನಾ ಹೇಳ್ಕೊಡೋ ಪಾಠ."

ಅಧಿಕಾರಿ ಕುರೊಇವಾನ ಮುಖ ನೋಡಿದ, ಕುರೊಇವಾ ಸೂರು ನೋಡಿದ. ಕೊನೆಗೆ ಅಧಿಕಾರಿ ಗಂಟಲು ಸರಿಮಾಡಿಕೊಂಡು, "ಉಚ್ಚಾರಣೆ ಬಹಳ ಚೆನ್ನಾಗಿದೆಯಮ್ಮಾ. ಥೇಟ್ ನಮ್ಮವರ ಥರಾನೇ!" ಎಂದು ನಕ್ಕು, ಇನ್ನೊಂದು ಲೋಟ ಚಹಾ ಕೇಳಿದ.

ಲುಯೆನ್‌ಗೆ ಮೈಯೆಲ್ಲ ಉರಿದುಹೋಯಿತು. ಕೆಸರು ಮೆತ್ತಿದ ಬೂಟುಗಾಲಲ್ಲೇ ಜಗಲಿ ಹತ್ತಿ, ಒಳಕೋಣೆಯ ಹೊಸ ಚಾಪೆ ತುಳಿಯುತ್ತ ನಡೆದಳು. ಪಾಸ್‌ಪೋರ್ಟಿನ ಮಾತಿಗೆ ಕಿವುಡಾಗಿದ್ದ ಮೂವರೂ ಈಗ ಒಟ್ಟಿಗೆ ಚೀರಿದರು.

"ಅಯ್ಯಯ್ಯೋ, ಬೂಟು! ಚಾಪೆ ಮೇಲೆ ಬೂಟು!"

ಅವಳು ಬೀರುವಿಗೆ ಬೆನ್ನು ಕೊಟ್ಟು, ಕಾಲು ನೀಡಿ ಕೂತಳು.

"ಬೀಗದ ಕೈ ತಗಂಬಾರೋ ಕುರೊಇವಾ," ಎಂದಳು. "ಅಲ್ಲೀಗಂಟ ಒರೆಸ್ತಾ ಇರು."