ಮೊದಲನೇ ತುಂಡು

"ಅಯ್ಯೋ, ಅಲ್ಲಿ ಬೆಂಕಿ ಹಾಕಬೇಡ್ರಪ್ಪಾ! ಬಟ್ಟೆ ಒಣಗಾಕಿರೋದು ಕಾಣಲ್ವಾ?" ಎನ್ನುತ್ತಲೇ ಆಕೆ ಹಿತ್ತಲಿಗೆ ಓಡಿಬಂದಳು.

ಗಂಡನ ದೇಹ ಮುಂದಿನ ಕೋಣೆಯಲ್ಲಿತ್ತು. ಅವನ ಅಂಗಿಗಳು ಇನ್ನೂ ಹಗ್ಗದ ಮೇಲಿದ್ದವು. ಅವನ ಜೊತೆ ಕರೆಂಟು ಕಂಬ ಹತ್ತುತ್ತಿದ್ದ ಲೈನ್‌ಮನ್‌ಗಳು ದೂರದಿಂದ ಬಂದು, ಇಟ್ಟಿಗೆ ಜೋಡಿಸಿ ಸೌದೆ ಒಟ್ಟುತ್ತಿದ್ದರು.

"ಒಳಗೆ ಕಾಲಿಡೋಕೂ ಜಾಗ ಇಲ್ಲ ಅತ್ತಿಗೆ," ಎಂದ ಫೋರ್‌ಮನ್, ಅಂಗಿಗಳನ್ನು ತಾನೇ ತೆಗೆದು ಮಡಿಸುತ್ತ. "ಸ್ಮಶಾನದ ಗಾಡಿ ಬರೋದು ತಡ. ಸಾವಿನ ಮನೇಲಿ ಒಲೆ ಹಚ್ಚಬಾರದು ನಿಜ, ಆದ್ರೆ ಎಲ್ರೂ ಖಾಲಿ ಹೊಟ್ಟೇಲಿದಾರೆ. ಮಾಂಸ, ಮೊಟ್ಟೆ, ಬ್ರೆಡ್ಡು ನಾವೇ ತಂದಿದೀವಿ. ಅಣ್ಣ ಇದ್ದಿದ್ರೆ ಅವರೇ ಮಾಡೋರು."

"ಯಾರು, ಇವರಾ? ಇವರಿಗೆ ನೀರು ಕಾಯಿಸೋಕೂ ಬರ್ತಿರಲಿಲ್ಲ."

ಸೌದೆ ಹಿಡಿದವರು ಒಬ್ಬರ ಮುಖ ಒಬ್ಬರು ನೋಡಿದರು.

"ಏನತ್ತಿಗೆ ಹೀಗಂತೀರಿ!" ಎಂದ ಫೋರ್‌ಮನ್. "ಲೈನ್ ಎಳೆಯೋ ಕ್ಯಾಂಪಲ್ಲಿ ಬೇರೆ ಯಾರೂ ಒಲೆ ಮುಟ್ಟೋ ಹಾಗಿರಲಿಲ್ಲ. ನಾವು ಏಳೋ ಹೊತ್ತಿಗೆ ಕಾಫಿ ಕುದೀತಿರೋದು. ಉರಿ ಇಳಿದು ಕೆಂಡ ಆಗೋವರೆಗೂ ಮಾಂಸ ಹತ್ರ ತಂದ್ರೆ ಬೈಗುಳ. ನಿಧಾನಕ್ಕೆ ಸುಟ್ಟು, ಅದರ ಕೊಬ್ಬಲ್ಲೇ ಮೊಟ್ಟೆ ಒಡೆದು ಹಾಕೋರು."

ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ. ಮದುವೆಯಾದ ಹೊಸದರಲ್ಲಿ ಅವನೊಮ್ಮೆ ಬಾಣಲೆ ಸೀಯಿಸಿದ್ದ. ಅಷ್ಟಕ್ಕೇ ಆಕೆ ಅವನನ್ನು ಅಡುಗೆಮನೆಯಿಂದ ಆಚೆ ಹಾಕಿದ್ದಳು. ಮತ್ತೆ ಅವನು ಹೊಸಿಲು ದಾಟಿದರೆ ಸೌಟು ತೋರಿಸುತ್ತಿದ್ದಳು. ಅವನೂ ನಗುತ್ತ ಹಿಂದಕ್ಕೆ ಸರಿಯುತ್ತಿದ್ದ.

*

ಕ್ಯಾಂಪಿನಿಂದ ಬಂದಾಗಲೆಲ್ಲ ಅವನ ಚೀಲದಲ್ಲಿ ಒಂದು ಪೊಟ್ಟಣ ಇರುತ್ತಿತ್ತು. ಕೈ ತೊಳೆಯುವ ಮೊದಲೇ ಅದನ್ನು ಮೇಜಿನ ಮೇಲಿಟ್ಟು, "ನಿನಗೆ ಕಣೇ" ಅನ್ನುತ್ತಿದ್ದ. ಮನೆಯೆಲ್ಲ ಹೊಗೆ ವಾಸನೆ.

"ಅಷ್ಟು ಜನ ಗಂಡಸರು ತಿಂದು ಮಿಕ್ಕಿದ್ದು ನನಗಾ? ನಾನೇನು ನಿಮ್ಮ ಎಂಜಲು ತಿನ್ನೋಕೆ ಬಂದೋಳಾ?"

"ಮಿಕ್ಕಿದ್ದಲ್ಲ ಕಣೇ."

ಅಷ್ಟೇ. ಎರಡನೇ ಮಾತಾಡಿದರೆ ಮುತ್ತು ಉದುರೀತು ಅನ್ನುವ ಜಾತಿ ಅವನು. ಪೊಟ್ಟಣ ನೇರ ಪಕ್ಕದ ಮನೆಯ ನಾಯಿಗೆ ಹೋಗುತ್ತಿತ್ತು. ಅವನು ಬೀದಿ ತಿರುವಿಗೆ ಬಂದರೆ ಸಾಕು, ಅದು ಗೇಟು ಮುರಿಯುವಂತೆ ಕುಣಿಯುತ್ತಿತ್ತು. "ಅದಕ್ಕಾದ್ರೂ ರುಚಿ ಗೊತ್ತು ಬಿಡು," ಎಂದು ಅವನು ನಗುತ್ತಿದ್ದ. ಆಕೆಯೂ ನಗುತ್ತಿದ್ದಳು.

*

ಫೋರ್‌ಮನ್ ಮೊದಲು ಬೆಂದ ತುಂಡನ್ನು ತಟ್ಟೆಗೆ ಹಾಕಿ, ಮೆಟ್ಟಿಲ ಮೇಲೆ ಕೂತಿದ್ದ ಆಕೆಯ ಮುಂದೆ ಹಿಡಿದ.

"ಮೊದಲನೇದು ನಿಮಗೇ ಅತ್ತಿಗೆ. ಅಣ್ಣನ ಪದ್ಧತಿ ಇದು. ನಾವು ಹಸಿವಿಂದ ಸಾಯ್ತಿದ್ರೂ ಬಿಡ್ತಿರಲಿಲ್ಲ. ವಾಪಸ್ ಹೊರಡೋ ದಿನ 'ಮೊದಲನೇ ತುಂಡು ಮನೆಯವಳದು' ಅಂತ ಕಟ್ಟಿಟ್ಟ ಮೇಲೇ ನಮಗೆಲ್ಲ. ನೀವು ಏನಂದ್ರಿ ಅಂತ ಆಮೇಲೆ ನಾವೂ ಕೇಳ್ತಿದ್ವಿ."

"ಏನು ಹೇಳೋರು?"

"'ಚಪ್ಪರಿಸಿಕೊಂಡು ತಿಂದಳು, ನನಗೊಂದು ಚೂರೂ ಬಿಡಲಿಲ್ಲ' ಅನ್ನೋರು."

ಆಕೆ ಪಕ್ಕದ ಮನೆಯ ಗೇಟಿನ ಕಡೆ ನೋಡಿದಳು. ಒಂದೇ ಒಂದು ಸಲ ಆ ಪೊಟ್ಟಣ ಬಿಚ್ಚಿ ನೋಡಿದ್ದರೆ! ತಟ್ಟೆ ತೆಗೆದುಕೊಂಡು ಒಂದು ಚೂರು ಬಾಯಿಗಿಟ್ಟಳು. ಹೊರಗೆ ಕರಕಲು, ಒಳಗೆ ಹಸಿ. ಬಹಳ ಹೊತ್ತು ಅಗಿದಳು.

"ಅವರು ಮಾಡಿದ್ದೂ ಹೀಗೇ ಇರ್ತಿತ್ತಾ?"

ಫೋರ್‌ಮನ್ ಆಕೆಯನ್ನೇ ನೋಡಿದ. ಅವನಿಗೆ ಎಲ್ಲ ಅರ್ಥವಾಯಿತು. ಸುಳ್ಳು ಹೇಳೋಣವೆಂದು ಬಾಯಿ ತೆರೆದವನು ಹೇಳಲಾರದೆ ತಲೆ ತಗ್ಗಿಸಿದ.

"ಇಲ್ಲ ಅತ್ತಿಗೆ. ಅವರ ಕೈಗುಣ ನಮಗ್ಯಾರಿಗೂ ಬರಲಿಲ್ಲ."

"ಅಮ್ಮಾ, ಗಾಡಿ ಬಂತು," ಎಂದು ಮಗಳು ಒಳಗಿನಿಂದ ಕೂಗಿದಳು.

ಆಕೆ ಏಳಲಿಲ್ಲ. ಇನ್ನೊಂದು ಚೂರು ಹರಿದು ಬಾಯಿಗಿಟ್ಟುಕೊಂಡು, ಕಣ್ಣು ಮುಚ್ಚಿ, ಮೆಲ್ಲಗೆ ಅಗಿಯತೊಡಗಿದಳು.