ನಲವತ್ತನೆಯ ಮೀಸೆ

೧

ಎಲ್ಲಿಂದ ಶುರು ಮಾಡುವುದು? ಕಾವ್ಯ ಹಾಡುವವರಿಗೆ ಈ ಕಷ್ಟವಿಲ್ಲ. ಮೊದಲು ದೇವರನ್ನು ನೆನೆಯುತ್ತಾರೆ, ಆಮೇಲೆ ಗುರುವನ್ನು, ಆಮೇಲೆ ಕೇಳಲು ಕೂತವರನ್ನು. ಅಷ್ಟರಲ್ಲಿ ಗಂಟಲು ಹದವಾಗಿರುತ್ತದೆ, ಕಥೆ ತಾನಾಗಿ ನಡೆದು ಬರುತ್ತದೆ. ನನ್ನ ಕಥೆ ಮೀಸೆಯದು. ಅದೂ ಅಂಟಿಸುವ ಮೀಸೆ. ಯಾರಿಗೆ ಕೈಮುಗಿಯಲಿ? (ಗೋಂದಿಗೆ ಮುಗಿದೆ. ಮುಂದೆ ಹೋಗೋಣ.)

೧, ಇನ್ನೊಮ್ಮೆ

ನೀವು ಆ ಚಿತ್ರ ನೋಡಿಯೇ ಇರುತ್ತೀರಿ. ಎರಡು ಸೇನೆಗಳು ಒಬ್ಬ ಅಡುಗೆಯವನಿಗಾಗಿ ಮೂರು ದಿನ ಹೊಡೆದಾಡುತ್ತವೆ. ಕೊನೆಗೆ ನೋಡಿದರೆ ಅಡುಗೆಯವನು ಮೊದಲ ದಿನವೇ ಓಡಿಹೋಗಿರುತ್ತಾನೆ. ಗುಡ್ಡ ಅಗೆದು ಇಲಿ ಹಿಡಿದ ಕಥೆ, ಇಲ್ಲಿ ಇಲಿಯೂ ಇಲ್ಲ. (ನೋಡಿಲ್ಲವೇ? ಸಂಕೋಚ ಬೇಡ. ಆ ಚಿತ್ರವನ್ನು ನಾನೇ ಹೊಸೆದದ್ದು. ನೋಡಿದವರಂತೆ ತಲೆಯಾಡಿಸಿ ಸಾಕು.)

ಅದರಲ್ಲಿ ನಾಲ್ಕು ಸೆಕೆಂಡಿನ ಒಂದು ತುಣುಕಿದೆ. ಈ ಕಡೆಯ ಸಿಪಾಯಿ ಬಂದೂಕು ಹಾರಿಸುತ್ತಾನೆ, ಆ ಕಡೆಯ ಸಿಪಾಯಿ ಬೀಳುತ್ತಾನೆ. ಟೋಪಿ ಬೇರೆ, ಮುಖ ಒಂದೇ. ಥಿಯೇಟರಿನಲ್ಲಿ ಜನ ಮೊದಲು ನಗುತ್ತಾರೆ. ಆಮೇಲೆ ನಗುವನ್ನು ಎಲ್ಲಿಡುವುದೆಂದು ತಿಳಿಯದೆ ಒದ್ದಾಡುತ್ತಾರೆ. ಆ ನಾಲ್ಕು ಸೆಕೆಂಡಿನ ಮೇಲೆ ವಿಮರ್ಶಕರು ಪುಟಗಟ್ಟಲೆ ಬರೆದರು. ಅವರಲ್ಲಿ ಒಬ್ಬರೂ ಮೇಕಪ್ ಕೋಣೆಗೆ ಹೋಗಿರಲಿಲ್ಲ.

೨

ಮೇಕಪ್ ಕೋಣೆ ಎಂದರೆ ಹೊಲದ ಅಂಚಿನ ತಗಡಿನ ಶೆಡ್ಡು. ಒಂದು ಕನ್ನಡಿ, ಒಂದು ಸ್ಟೂಲು, ಗೋಡೆಯಿಂದ ಗೋಡೆಗೆ ಕಟ್ಟಿದ ದಾರ. ದಾರದ ಮೇಲೆ ಬಟ್ಟೆಯ ಕ್ಲಿಪ್ಪು ಹಾಕಿ ಒಣಗಲು ಬಿಟ್ಟ ನಲವತ್ತು ಮೀಸೆ.

ಹಳೆಯ ಕಾವ್ಯದ ಸೇನೆಗೆ ಲೆಕ್ಕವಿಲ್ಲ; ನೆಲ ನಡುಗುತ್ತದೆ, ಧೂಳೆದ್ದು ಸೂರ್ಯ ಮುಚ್ಚಿಹೋಗುತ್ತಾನೆ. ಈ ಚಿತ್ರಕ್ಕೆ ಸಿಕ್ಕವರು ನಲವತ್ತು ಜನ. ಬೆಳಿಗ್ಗೆ ಅವರು ನಮ್ಮ ಸೇನೆ. ಊಟವಾದ ಮೇಲೆ ಟೋಪಿ ಬದಲಿಸಿ, ಮೀಸೆ ಅಂಟಿಸಿಕೊಂಡು, ಅವರೇ ವೈರಿ ಸೇನೆ. ಮೀಸೆ ಅಂಟಿಸುವವಳನ್ನು ಎಲ್ಲರೂ ಅಕ್ಕ ಎನ್ನುತ್ತಿದ್ದರು. ದೊಡ್ಡ ಮೇಕಪ್ಪಿನವರೊಬ್ಬರ ಪಕ್ಕ ಆರು ವರ್ಷ ಕನ್ನಡಿ ಹಿಡಿದು ನಿಂತವಳಿಗೆ, ತನ್ನದೇ ಪೆಟ್ಟಿಗೆ ಹಿಡಿದು ಬಂದ ಮೊದಲ ಚಿತ್ರ ಇದು. ಇಲ್ಲಿ ಎಡವಿದರೆ ಮತ್ತೆ ಕನ್ನಡಿಯೇ ಗತಿ ಎಂಬುದು ಅವಳಿಗೆ ಗೊತ್ತಿತ್ತು.

ನಲವತ್ತು ಜನರಲ್ಲಿ ಒಬ್ಬನಿಗೆ ಗೊಣಗ ಎಂದೇ ಹೆಸರು ಬಿದ್ದಿತ್ತು.

"ಅಕ್ಕಾ, ಈ ಮೀಸೆ ನಿನ್ನೆ ಯಾರ ಮುಖದಲ್ಲಿತ್ತು?"

"ನಿಂದೇ."

"ನಂದಾದ್ರೆ ಈರುಳ್ಳಿ ವಾಸನೆ ಯಾಕೆ?"

"ನೀನು ತಿಂದದ್ದು ನಿಂಗೇ ನೆನಪಿಲ್ಲ. ಬಾಯಿ ಮುಚ್ಚು, ಅಂಟಲ್ಲ."

"ತುರಿಸುತ್ತೆ ಅಕ್ಕಾ."

"ಸತ್ತು ಬಿದ್ದ ಮೇಲೆ ತುರಿಸ್ಕೋ."

ಇನ್ನು ದೊಡ್ಡ ನಟರು. ಸೇನಾಪತಿಯ ಪಾತ್ರದವರಿಗೆ ಕುದುರೆ ಎಂದರೆ ನಡುಕ. ಅವರನ್ನು ಎತ್ತರದ ಸ್ಟೂಲಿನ ಮೇಲೆ ಕೂರಿಸಿ, ಸ್ಟೂಲನ್ನು ತಳ್ಳುಗಾಡಿಗೆ ಕಟ್ಟಿ, ಸೊಂಟದಿಂದ ಮೇಲಷ್ಟೇ ತೆಗೆದರು. ನಾಯಕನಿಗೆ ಗುಂಡಿನ ಸದ್ದು ಆಗದು. ಕಿವಿಗೆ ಹತ್ತಿ ತುರುಕಿಕೊಂಡಿದ್ದ. ಒಂದು ದಿನ 'ಕಟ್' ಕೇಳಿಸದೆ, ಸತ್ತವನ ಜೊತೆ ಇನ್ನೂ ಮೂರು ನಿಮಿಷ ಮಾತಾಡಿದ. ಡೈರೆಕ್ಟರು ಅದನ್ನು ಹಾಗೇ ಉಳಿಸಿಕೊಂಡರು. ತಾರೆ ತಪ್ಪಿದರೆ ಅದಕ್ಕೆ ಪ್ರತಿಭೆ ಎಂದು ಹೆಸರು.

ಕೊನೆಯ ದಿನ. ಬಿಸಿಲು ವಾಲುತ್ತಿತ್ತು, ಮ್ಯಾನೇಜರ್ ಸೀಟಿ ಊದುತ್ತಿದ್ದ. ಅಕ್ಕ ಮೂವತ್ತೊಂಬತ್ತು ಮೀಸೆ ಅಂಟಿಸಿ ಮುಗಿಸಿದಾಗ ಹೊರಗಿನಿಂದ ಕೂಗು: "ಅಕ್ಕಾ, ಸೇನಾಪತಿ ಗಡ್ಡ ಜಾರ್ತಾ ಇದೆ!" ಅವಳು ಓಡಿದಳು. ಶೆಡ್ಡಿನ ಸ್ಟೂಲಿನ ಮೇಲೆ ಗೊಣಗ ಕೂತಿದ್ದ, ಮೇಲ್ತುಟಿ ಬೋಳು. ಅಂದು ಅವನು ಗೊಣಗಲಿಲ್ಲ. ಟೋಪಿ ಹಾಕಿಕೊಂಡು, ಸದ್ದಿಲ್ಲದೆ ಹೋಗಿ, ಚೆಂದವಾಗಿ ಸತ್ತ.

೩

(ಈ ಭಾಗವನ್ನು ಮೊದಲು ಬೇರೆಯಾಗಿ ಬರೆದಿದ್ದೆ. ಅದರಲ್ಲಿ ಗೊಣಗ ಒಮ್ಮೆ ನಿಜವಾದ ಯುದ್ಧ ಮಾಡಿ ಬಂದವನು. ಅಕ್ಕ ಗೋಂದು ಹಚ್ಚುವಾಗ ಅವಳ ಕೈ ಹಿಡಿದು, "ಬೇಡ ಅಕ್ಕಾ. ನಾನು ಹೊಡೆದವನಿಗೆ ಮೀಸೆ ಇರಲಿಲ್ಲ" ಎನ್ನುತ್ತಾನೆ. ಬರೆದು ನನಗೇ ಕಣ್ಣು ತೇವವಾಯಿತು. ಅಕ್ಕನಿಗೆ ಓದಿ ಹೇಳಿದೆ.)

"ಯಾರಪ್ಪ ಹಾಗಂದಿದ್ದು?"

"ಅವನು. ಕಥೇಲಿ."

"ಅವನು ಯುದ್ಧ ಅಂತ ನೋಡಿದ್ದೇ ನಮ್ಮ ಸೆಟ್ಟಲ್ಲಿ. ಅದಕ್ಕೆ ಮುಂಚೆ ಬಸ್ ಓಡಿಸ್ತಿದ್ದ."

"ಆದ್ರೆ ಅಕ್ಕಾ, ಹೀಗಿದ್ರೆ ನೀವು ಮರೆತ ಹಾಗಾಗಲ್ಲ. ಅವನ ನೋವು ಅರ್ಥ ಮಾಡ್ಕೊಂಡು ಬಿಟ್ಟ ಹಾಗಾಗತ್ತೆ."

"ನಾನು ಮರೆತೆ ಕಣಪ್ಪಾ. ಮೂವತ್ತೊಂಬತ್ತು ನೆಟ್ಟಗೆ ಅಂಟಿಸಿದ್ದೆ, ಅದನ್ನ ಬರೆಯೋರಿಲ್ಲ. ಮರೆತದ್ದು ಒಂದು, ಅದನ್ನೂ ನನ್ನಿಂದ ಕಿತ್ಕೋತೀಯಾ?"

ಹೊಡೆದುಹಾಕಿದೆ.

೫

(ನಾಲ್ಕು ಇಲ್ಲ. ಅದರಲ್ಲಿ ಸುಮ್ಮನೆ ಮಳೆ ಬರುತ್ತಿತ್ತು.)

ಪ್ರಿವ್ಯೂ ಕೋಣೆ, ಬೆಳಿಗ್ಗೆ ಹತ್ತು ಗಂಟೆ. ಹನ್ನೆರಡು ಕುರ್ಚಿ, ಎರಡಕ್ಕೆ ಕೈಯಿಲ್ಲ. ಮುಂದೆ ಡೈರೆಕ್ಟರು, ಪಕ್ಕದಲ್ಲಿ ಎಡಿಟರ್, ಅವರ ಹಿಂದೆ ಮ್ಯಾನೇಜರ್. ಕೊನೆಯ ಸಾಲಿನಲ್ಲಿ ಅಕ್ಕ. ಅವಳ ಪಕ್ಕದಲ್ಲಿ ಗೊಣಗ, ತನ್ನ ಮುಖವನ್ನು ಪರದೆಯ ಮೇಲೆ ನೋಡಲೇಬೇಕೆಂದು ಕಾಡಿ ಬೇಡಿ ಬಂದವನು.

ಗೊಣಗ ಗುಂಡು ಹಾರಿಸಿದ. ಗೊಣಗ ಬಿದ್ದ.

"ನಿಲ್ಸಿ," ಎಂದರು ಡೈರೆಕ್ಟರು. ದೀಪ ಹತ್ತಿತು. "ಬಿದ್ದವನ ಮೀಸೆ ಎಲ್ಲಿ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಅಕ್ಕನ ಕೈ ತನ್ನ ಮೇಲ್ತುಟಿಗೆ ಹೋಯಿತು.

"ತೆಗೆದುಬಿಡೋಕಾಗತ್ತಾ?" ಡೈರೆಕ್ಟರು ಎಡಿಟರ್ ಕಡೆ ತಿರುಗಿದರು.

"ಬೀಳೋದನ್ನ ತೆಗೆದ್ರೆ ಗುಂಡು ಎಲ್ಲಿ ಹೋಯ್ತು ಅಂತ ಜನ ಕೇಳ್ತಾರೆ ಸಾರ್," ಎಂದ ಎಡಿಟರ್. "ಮತ್ತೆ ಶೂಟ್ ಮಾಡೋಣ ಅಂದ್ರೆ ಹೊಲದವರು ಬಿತ್ತಿಬಿಟ್ಟಿದ್ದಾರೆ. ಯುದ್ಧಭೂಮಿ ತುಂಬಾ ಮೊಳಕೆ."

"ಯಾರ ಕೆಲಸ ಇದು?"

ಮ್ಯಾನೇಜರ್ ಹಿಂದೆ ತಿರುಗಿದ. "ಇನ್ಯಾರು ಸಾರ್? ತುರಿಸುತ್ತೆ ತುರಿಸುತ್ತೆ ಅಂತ ದಿನಾ ರಾಗ ಎಳೀತಿದ್ದ. ಕಿತ್ತು ಬಿಸಾಕಿದ್ದಾನೆ. ಜಟ್ಟಿ ಬಿದ್ರೂ ಮೀಸೆ ಮಣ್ಣಾಗಬಾರದು ನೋಡಿ! ಪಟ್ಟಿಯಿಂದ ಹೆಸರು ಹೊಡೀತೀನಿ."

ಪಟ್ಟಿಯಿಂದ ಹೆಸರು ಹೋದರೆ ಬೇರೆ ಯಾವ ಕಂಪನಿಯವರೂ ಕರೆಯುವುದಿಲ್ಲ. ಗೊಣಗ ಬಾಯಿ ತೆರೆದ. ಅಕ್ಕನ ಕಡೆ ನೋಡಿದ. ಮುಚ್ಚಿದ.

೬

ಮುಕ್ತಾಯ ಒಂದು. ಅಕ್ಕ ಎದ್ದು ನಿಂತು, ಕೊಲ್ಲುವವನ ಮುಖವೂ ಸಾಯುವವನ ಮುಖವೂ ಒಂದೇ, ಅದನ್ನು ತೋರಿಸಲೆಂದೇ ಹಾಗೆ ಮಾಡಿದೆ ಎನ್ನುತ್ತಾಳೆ. ಡೈರೆಕ್ಟರು ಚಪ್ಪಾಳೆ ತಟ್ಟುತ್ತಾರೆ.

"ಥೂ, ನಾನು ಹಾಗೆಲ್ಲ ಮಾತಾಡ್ತೀನಾ? ಒಗೆ ಅತ್ಲಾಗೆ."

ಮುಕ್ತಾಯ ಎರಡು. ಅಕ್ಕ ಸುಮ್ಮನಿರುತ್ತಾಳೆ. ಗೊಣಗನ ಹೆಸರು ಹೋಗುತ್ತದೆ. ಪೆಟ್ಟಿಗೆ ಅಕ್ಕನ ಕೈಯಲ್ಲಿ ಉಳಿಯುತ್ತದೆ.

ಇದನ್ನೂ ಅಕ್ಕನಿಗೆ ಓದಿ ಹೇಳಿದೆ.

"ಹೊಡೆದುಹಾಕಲಾ ಅಕ್ಕಾ? ಸುಳ್ಳು ತಾನೇ?"

"ಪೂರ್ತಿ ಸುಳ್ಳಲ್ಲ. ಒಂದು ಐದು ನಿಮಿಷ ನಾನು ಹಾಗೇ ಕೂತಿದ್ದೆ. ಅವರೆಲ್ಲ ಅವನನ್ನ ಬೈತಾ ಇದ್ರು, ನಾನು ನನ್ನ ಚಪ್ಪಲಿ ನೋಡ್ತಾ ಇದ್ದೆ. ಅದನ್ನ ಬಿಡಬೇಡ, ಬರಿ."

(ಬರೆದೆ.)

ಮುಕ್ತಾಯ ಮೂರು. ಐದು ನಿಮಿಷವಾದ ಮೇಲೆ ಅಕ್ಕ ಎದ್ದಳು. ಕುರ್ಚಿಯ ಮಡಿಚುವ ಹಲಗೆ ಪಟಾರೆಂದು ಸದ್ದು ಮಾಡಿತು.

"ಸಾರ್, ಅವನು ಕಿತ್ತಿಲ್ಲ. ನಾನು ಅಂಟಿಸಿಲ್ಲ. ಮರೆತೆ."

"ಅಕ್ಕಾ, ಕೂತ್ಕೋ," ಎಂದು ಗೊಣಗ ಅವಳ ಸೆರಗು ಜಗ್ಗಿದ. "ನಂಗೆ ಬಸ್ಸಾದ್ರೂ ಇದೆ."

"ಬಾಯಿ ಮುಚ್ಚು."

ಡೈರೆಕ್ಟರು ಅವಳನ್ನು ನೋಡಿದರು. ಬೈಯುವ ಮುಖವೂ ಅಲ್ಲ, ಮೆಚ್ಚುವ ಮುಖವೂ ಅಲ್ಲ. ಮೇಲಿನ ಪ್ರೊಜೆಕ್ಟರ್ ಕಿಂಡಿಯ ಕಡೆ ಕೈಯೆತ್ತಿ, "ದೀಪ ಆರಿಸಿ. ಇನ್ನೊಂದ್ಸಲ ಹಾಕಿ," ಎಂದರು.

"ಆಮೇಲೆ?" ಎಂದೆ ನಾನು.

"ಆಮೇಲೆ ಏನು? ಅಷ್ಟೇ."

"ಅಷ್ಟೇ ಅಂದ್ರೆ ಹೇಗೆ? ತುಣುಕು ಉಳೀತು, ಅದು ಊರಿಗೆಲ್ಲ ಗೊತ್ತು. ನಿಮ್ಮ ಕೆಲಸ ಉಳೀತಾ? ಓದುವವರು ನನ್ನ ಕೊರಳಪಟ್ಟಿ ಹಿಡೀತಾರೆ. ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗಾಗತ್ತೆ ಅಕ್ಕಾ."

"ಆಗ್ಲಿ. ಉಳೀತು ಅಂದ್ರೆ, ನಿಜ ಹೇಳಿದೋರಿಗೆ ಒಳ್ಳೇದಾಗತ್ತೆ ಅಂತ ತಲೆದೂಗಿ ಪುಸ್ತಕ ಮುಚ್ತಾರೆ. ಹೋಯ್ತು ಅಂದ್ರೆ, ಅಯ್ಯೋ ಪಾಪ ಅಂತ ಮುಚ್ತಾರೆ. ಎದ್ದು ನಿಂತಾಗ ನಂಗೇನು ಗೊತ್ತಿತ್ತು? ಅವರಿಗೂ ಗೊತ್ತಾಗೋದು ಬೇಡ. ನಿಂಗಂತೂ ಬೇಡವೇ ಬೇಡ."

ಹಾಗಾಗಿ ನನಗೆ ತಿಳಿಯದು. ಕೇಳಿದಷ್ಟನ್ನು ಹೇಳಿದ್ದೇನೆ. ದೀಪ ಆರಿದೆ. ಕಿಂಡಿಯಿಂದ ಬೆಳಕಿನ ಕೋಲು ಬರುತ್ತಿದೆ. ಕೊನೆಯ ಸಾಲಿನಲ್ಲಿ ನಿಂತವಳ ತಲೆ ಅದಕ್ಕೆ ಅಡ್ಡ ಬಂದು, ನೆರಳು ಹೋಗಿ ಎರಡು ಸೇನೆಗಳ ನಡುವೆ ಬಿದ್ದಿದೆ. ಕೂರು ಎಂದು ಯಾರೂ ಹೇಳುತ್ತಿಲ್ಲ. ಪರದೆಯ ಮೇಲೆ ಗೊಣಗ ಬಂದೂಕು ಎತ್ತುತ್ತಿದ್ದಾನೆ.