ವಿಚಾರಣೆಗೆ ಕರೆದ ಮಾತ್ರಕ್ಕೆ ಕಳ್ಳನೇ?

ಟೈಲರ್ ಅಂಗಡಿಯ ಟಿ.ವಿ. ಬೆಳಿಗ್ಗೆಯಿಂದ ಕಿರುಚುತ್ತಲೇ ಇತ್ತು. ‘ಪ್ರಚಾರದ ಹಣ ಎಲ್ಲಿಂದ ಬಂತು? ವ್ಯಾನ್ ಡ್ರೈವರ್ ತನಿಖಾ ಬಲೆಗೆ!’ ಪರದೆ ತುಂಬ ಕೆಂಪು ಅಕ್ಷರ. ಪಕ್ಕದಲ್ಲಿ ಒಂದು ಫೋಟೊ.

ಟೈಲರ್ ಹೊಲಿಗೆ ಯಂತ್ರ ನಿಲ್ಲಿಸಿದ. ಫೋಟೊದಲ್ಲಿದ್ದವನು ಅವನ ಹೆಂಡತಿಯ ತಮ್ಮ. ಅಪ್ಪ-ಅಮ್ಮನನ್ನು ಬೇಗ ಕಳೆದುಕೊಂಡ ಅವನನ್ನು ಸಾಕಿದವನು, ಸೈಕಲ್ ಕಲಿಸಿದವನು ಈ ಭಾವನೇ. ಈಗ ಆ ಬಾಮೈದ ಒಬ್ಬ ಅಭ್ಯರ್ಥಿಯ ಪ್ರಚಾರದ ವ್ಯಾನ್ ಓಡಿಸುತ್ತಿದ್ದ.

ಟೈಲರ್ ಫೋನ್ ಮಾಡಿದ. “ಇನ್ನು ಮನೆ ಕಡೆ ಕಾಲಿಡಬೇಡ.”

“ಭಾವಾ, ಒಂದ್ನಿಮಿಷ...” ಎನ್ನುವಷ್ಟರಲ್ಲಿ ಫೋನ್ ಇಟ್ಟುಬಿಟ್ಟ.

ಹೆಂಡತಿ ಒಳಗಿನಿಂದ ಓಡಿ ಬಂದಳು. “ರೀ, ಅವನೇನು ಹೇಳ್ತಾನೆ ಅಂತ ಕೇಳಬಾರದಾ?”

“ಕೇಳೋದೇನು? ಟಿ.ವಿ.ಯಲ್ಲೇ ಬಂತಲ್ಲ! ನಾಲ್ಕು ಜನರೆದುರು ತಲೆ ಎತ್ತೋ ಹಾಗಿಲ್ಲ.”

“ನಿಮ್ಮ ಟಿ.ವಿ. ಬರೀ ಸುಳ್ಳು. ಇಲ್ನೋಡಿ!” ಅವಳ ಮೊಬೈಲಿನಲ್ಲಿ ಇನ್ನೊಂದು ಚಾನೆಲ್ ಕೂಗುತ್ತಿತ್ತು: ‘ಸೇಡಿನ ತನಿಖೆ! ಬಡ ಡ್ರೈವರ್‌ಗೆ ಕಿರುಕುಳ!’

ಇಬ್ಬರೂ ಮುಖ ತಿರುಗಿಸಿ ಕುಳಿತರು. ಮಧ್ಯಾಹ್ನ ಇಬ್ಬರೂ ಊಟ ಮಾಡಲಿಲ್ಲ.

ಸಂಜೆ ಪಕ್ಕದ ಮನೆಯ ಅಕ್ಕ ಹೊಲಿಯಲು ಕೊಟ್ಟಿದ್ದ ಬಟ್ಟೆ ಕೇಳಿಕೊಂಡು ಬಂದರು. ಪತ್ರಿಕೆಯೊಂದರಲ್ಲಿ ಸುದ್ದಿ ತಿದ್ದುವ ಕೆಲಸ ಮಾಡಿ ನಿವೃತ್ತರಾದವರು. ಇಬ್ಬರ ಮುಖ ನೋಡಿ ಬಟ್ಟೆಯ ಮಾತು ಬಿಟ್ಟು ಕುರ್ಚಿ ಎಳೆದುಕೊಂಡರು. ವಿಷಯ ಗೊತ್ತಾದಾಗ ಕೇಳಿದರು, “ಬಲೆಗೆ ಅಂದ್ರೆ ಏನಪ್ಪಾ? ಬಂಧಿಸಿದ್ರಾ?”

“ಹಾಗೇ ಇರಬೇಕು, ಅಕ್ಕ.”

“ಇರಬೇಕು ಅಂತ ನೀನು ಹೇಳ್ತಿದ್ದೀಯ. ಸುದ್ದಿ ಹೇಳಿತಾ?”

ಟೈಲರ್ ಟಿ.ವಿ.ಯತ್ತ ನೋಡಿದ. “ಮೂಲಗಳ ಪ್ರಕಾರ ಅಂತಿದ್ದಾರೆ.”

“ಯಾವ ಮೂಲ? ಅಧಿಕಾರಿ ಯಾರಾದ್ರೂ ಹೆಸರು ಹೇಳಿಕೊಂಡು ಮಾತಾಡಿದ್ರಾ? ವಿಚಾರಣೆ ಅಂದ್ರೆ ಪ್ರಶ್ನೆ ಕೇಳೋದು. ಆರೋಪ ಹೊರಿಸೋದು ಆಮೇಲೆ. ತೀರ್ಪು ಕೊಡೋದು ಕೋರ್ಟು.”

ಹೆಂಡತಿಯ ಮುಖ ಅರಳಿತು. “ನಾನು ಹೇಳಿದ್ದೂ ಅದೇ ಅಕ್ಕ. ಸುಳ್ಳು ಕೇಸು!”

“ಅವಸರ ಬೇಡ ಕಣಮ್ಮಾ,” ಅಕ್ಕ ಅವಳ ಕೈ ಹಿಡಿದುಕೊಂಡರು. “ಸೇಡು ಅಂತ ಹೇಳಿದ್ದು ಯಾರು? ನಿನ್ನ ತಮ್ಮ ವ್ಯಾನ್ ಓಡಿಸೋ ಪಕ್ಷದ ವಕ್ತಾರ. ಸುಳ್ಳು ಕೇಸು ಅನ್ನೋಕೂ ನಮ್ಮ ಹತ್ರ ಆಧಾರ ಇಲ್ಲ. ದುಡ್ಡು ಎಲ್ಲಿಂದ ಬಂತು ಅಂತ ವೋಟು ಹಾಕೋ ನಮಗೂ ಗೊತ್ತಾಗಬೇಕಲ್ವಾ?”

ಅಕ್ಕ ಮೊಬೈಲಿನಲ್ಲಿ ಹುಡುಕಿ, ಟೈಲರ್ ನೋಡುವ ಚಾನೆಲ್‌ನ ಹಳೆಯ ಸುದ್ದಿ ತೋರಿಸಿದರು. ಎದುರಾಳಿ ಅಭ್ಯರ್ಥಿಯ ಮ್ಯಾನೇಜರನ್ನೂ ಈಗ ತನಿಖೆ ಮಾಡುತ್ತಿರುವ ಸಂಸ್ಥೆಯೇ ಹಿಂದೆ ಕರೆಸಿತ್ತು. ಆಗಿನ ಶೀರ್ಷಿಕೆ: ‘ವಿಚಾರಣೆಗೆ ಹಾಜರಾಗಿ ಮಾಹಿತಿ ನೀಡಿದ ಮ್ಯಾನೇಜರ್.’ ಹೆಂಡತಿಯ ಚಾನೆಲ್ ಅದೇ ಮ್ಯಾನೇಜರನ್ನು ‘ಲೂಟಿಕೋರ’ ಎಂದಿತ್ತು.

ಟೈಲರ್ ನಕ್ಕುಬಿಟ್ಟ. “ಬೇಕಾದವರಿಗೆ ಒಂದು ಟೇಪು, ಬೇಡದವರಿಗೆ ಇನ್ನೊಂದು. ಹೀಗೆ ಅಳತೆ ತಗೊಂಡ್ರೆ ನನ್ನ ಅಂಗಡಿಗೆ ಯಾರು ಬರ್ತಾರೆ, ಅಕ್ಕ?”

ಕೊನೆಗೆ ಅಕ್ಕ ತನಿಖಾ ಸಂಸ್ಥೆಯ ಪ್ರಕಟಣೆಯನ್ನೇ ಓದಿದರು. ‘ಕೆಲವು ಚಾಲಕರಿಂದ ಸಾಕ್ಷಿ ಹೇಳಿಕೆ ಪಡೆಯಲಾಗಿದೆ. ಯಾರನ್ನೂ ಬಂಧಿಸಿಲ್ಲ. ತನಿಖೆ ಮುಂದುವರಿದಿದೆ.’

ಟೈಲರ್‌ನ ನಗು ನಿಂತಿತು. ಟಿ.ವಿ. ಆರಿಸಿ, ಚಪ್ಪಲಿ ಮೆಟ್ಟಿಕೊಂಡು ಹೊರಟ.

ಬಾಮೈದ ವ್ಯಾನಿನ ಮೆಟ್ಟಿಲ ಮೇಲೆ ಒಬ್ಬನೇ ಕುಳಿತಿದ್ದ. ಭಾವನನ್ನು ಕಂಡು ಎದ್ದು ನಿಂತ.

“ಊಟ ಆಯ್ತಾ?” ಟೈಲರ್ ಕೇಳಿದ.

ಅವನ ಕಣ್ಣು ತುಂಬಿತು. “ವ್ಯಾನಿಗೆ ಯಾರ್ಯಾರು ಏನೇನು ತುಂಬಿಸಿದ್ರು ಅಂತ ಕೇಳಿದ್ರು, ಭಾವಾ. ಕಂಡಿದ್ದನ್ನ ಹೇಳಿದೀನಿ. ಮತ್ತೆ ಬರೋಕೆ ಹೇಳಿದಾರೆ.”

“ಹೋಗು. ಇದ್ದದ್ದು ಇದ್ದ ಹಾಗೇ ಹೇಳು. ನಿಮ್ಮ ನಾಯಕರಿಗೆ ಬೇಜಾರಾದ್ರೂ ಪರವಾಗಿಲ್ಲ. ಜೊತೆಗೆ ನಾನಿರ್ತೀನಿ.” ಟೈಲರ್ ಅವನ ಹೆಗಲ ಮೇಲೆ ಕೈಯಿಟ್ಟ. “ಅಂಗಿ ಗುಂಡಿ ಕಿತ್ತುಹೋಗಿದೆ ನೋಡು. ನಡಿ ಮನೆಗೆ, ಹಾಕಿಕೊಡ್ತೀನಿ. ನಿಮ್ಮಕ್ಕ ಹಸ್ಕೊಂಡು ಕೂತಿದಾಳೆ.”

ಓದುತ್ತಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಚುನಾವಣೆ ಹತ್ತಿರ ಬಂದಾಗ ಇಂಥ ಸುದ್ದಿ ನಿಮ್ಮ ಮನೆಗೂ ಬರುತ್ತದೆ. ಹೇಳಿದವರು ಯಾರು, ಆಧಾರ ಏನು ಎಂದು ಕೇಳಿ. ನಿಮಗಾಗದ ಪಕ್ಷದವರಿಗೆ ಬಳಸಿದ ಮಾತನ್ನು ಚಾನೆಲ್‌ನವರು ನಿಮ್ಮ ಪಕ್ಷದವರಿಗೂ ಬಳಸುತ್ತಿದ್ದರಾ ಎಂದು ಯೋಚಿಸಿ. ಬೇರೆ ಕಡೆಯೂ ಓದಿ. ತಪ್ಪು ಮಾಡಿದವರನ್ನು ಕಾನೂನು ಹಿಡಿಯಲಿ. ಅಲ್ಲಿಯವರೆಗೆ, ದೊಡ್ಡ ಅಕ್ಷರದ ಒಂದು ಸಾಲು ನೋಡಿ ನಿಮ್ಮವರಿಗೆ ಬಾಗಿಲು ಮುಚ್ಚಬೇಡಿ.